ಕೂಡಿ ಕಲಿತವರು ಕೂಡಿ ದುಡಿಯುವರೆ? — ಅಂತರ್ವೃತ್ತಿ ಶಿಕ್ಷಣದ ಮೌಲ್ಯಮಾಪನ

ತೊಡೆಯ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಆಸ್ಪತ್ರೆಯಲ್ಲಿ ಮಲಗಿರುವ ವೃದ್ಧರೊಬ್ಬರ ಮಂಚದ ಪಕ್ಕದಲ್ಲಿ ಒಂದು ಹಗಲು ಸುಮ್ಮನೆ ಕುಳಿತಿದ್ದವರಿಗೆ, ಆ ಒಂದು ದೇಹದ ಸುತ್ತ ಎಷ್ಟು ವಿದ್ಯೆಗಳು ಬಂದು ಹೋಗುತ್ತವೆಂಬುದು ತಾನಾಗಿ ತಿಳಿದುಬರುತ್ತದೆ. ಬೆಳಗಿನ ರೌಂಡ್ಸಿಗೆ ಬರುವ ಶಸ್ತ್ರವೈದ್ಯರು ಗಾಯವನ್ನು ನೋಡಿ ಕೇಸ್‌ಶೀಟಿನಲ್ಲಿ ಎರಡು ಸಾಲು ಬರೆಯುತ್ತಾರೆ. ಸಿಸ್ಟರು ಜ್ವರವನ್ನೂ ರಕ್ತದೊತ್ತಡವನ್ನೂ ನೋಡಿ ಗುರುತು ಹಾಕಿ ಇಂಜೆಕ್ಷನ್ ಕೊಡುತ್ತಾರೆ. ಫಿಸಿಯೋಥೆರಪಿಯವರು ಬಂದು ಕಾಲನ್ನು ಮಡಿಸಿ ಬಿಡಿಸುತ್ತಾರೆ. ಪಥ್ಯ ಹೇಳುವವರು ಬೇರೆ, ರಕ್ತ ತೆಗೆದುಕೊಂಡು ಹೋಗುವವರು ಬೇರೆ, ಮಾತ್ರೆಗಳನ್ನು ಎಣಿಸಿ ಕೊಡುವವರು ಬೇರೆ. "ಇವತ್ತು ಎದ್ದು ನಡೆಯಬಹುದೆ?" ಎಂಬ ರೋಗಿಯ ಒಂದೇ ಪ್ರಶ್ನೆಗೆ ಇವರಲ್ಲಿ ಮೂವರು ಮೂರು ಬಗೆಯಾಗಿ ಉತ್ತರವಿತ್ತು, ನಾಲ್ಕನೆಯವರು "ಡಾಕ್ಟರನ್ನೇ ಕೇಳಿ" ಎಂದು ಹೊರಟುಹೋಗುವುದು ಅಪರೂಪದ ಸಂಗತಿಯೇನಲ್ಲ. ಇವರಲ್ಲಿ ಅಜ್ಞರಾರೂ ಇಲ್ಲ. ತಂತಮ್ಮ ವಿದ್ಯೆಯಲ್ಲಿ ಎಲ್ಲರೂ ಕುಶಲರೇ. ಆದರೆ ನಾಲ್ಕಾರು ವರ್ಷಗಳ ಕಾಲ ಬೇರೆ ಬೇರೆ ಕಾಲೇಜುಗಳಲ್ಲಿ ಬೇರೆ ಬೇರೆ ಗುರುಗಳ ಕೈಯಲ್ಲಿ ಪಳಗಿದ ಇವರು, ಒಬ್ಬರ ಕೆಲಸವೇನೆಂಬುದನ್ನು ಮತ್ತೊಬ್ಬರು ಮೊದಲ ಬಾರಿಗೆ ಕಾಣುವುದು ರೋಗಿಯ ಮಂಚದ ಬಳಿಯಲ್ಲಿ.

ಈ ಅವಸ್ಥೆಗೆ ಔಷಧವೆಂದು ಸೂಚಿತವಾಗಿರುವುದೇ ಅಂತರ್ವೃತ್ತಿ ಶಿಕ್ಷಣ. 1987ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿತವಾಗಿ 'ಕೇಯ್ಪ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾಗಿರುವ ಸಂಸ್ಥೆಯು ಇದಕ್ಕೆ ಕೊಟ್ಟಿರುವ ಲಕ್ಷಣವೇ ಇಂದು ಬಹುಮಟ್ಟಿಗೆ ಸರ್ವಮಾನ್ಯವಾಗಿದೆ. ಎರಡು ಅಥವಾ ಹೆಚ್ಚು ವೃತ್ತಿಗಳವರು ಒಬ್ಬರೊಡನೊಬ್ಬರು, ಒಬ್ಬರಿಂದೊಬ್ಬರು, ಒಬ್ಬರನ್ನು ಕುರಿತು ಮತ್ತೊಬ್ಬರು ಕಲಿಯಬೇಕು. ಆ ಕಲಿಕೆ ಸಹಕಾರವನ್ನೂ ಆರೈಕೆಯ ಗುಣವನ್ನೂ ಹೆಚ್ಚಿಸುವ ಉದ್ದೇಶದ್ದಾಗಿರಬೇಕು ಎಂಬುದು ಅದರ ತಾತ್ಪರ್ಯ. 'ಒಡನೆ', 'ಇಂದ', 'ಕುರಿತು' ಎಂಬ ಮೂರು ಸಣ್ಣ ಮಾತುಗಳಲ್ಲಿ ವಿಷಯದ ಸಾರವೆಲ್ಲ ಅಡಗಿದೆ. ವೈದ್ಯ ವಿದ್ಯಾರ್ಥಿಗಳನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಒಂದೇ ಹಾಲಿನಲ್ಲಿ ಕೂಡಿಸಿ ಅಂಗರಚನಾಶಾಸ್ತ್ರದ ಪಾಠ ಹೇಳಿದರೆ ಅದು ಕಟ್ಟಡದಲ್ಲಿಯೂ ಉಪಾಧ್ಯಾಯರ ಸಂಬಳದಲ್ಲಿಯೂ ಉಳಿತಾಯವೇ ಹೊರತು ಅಂತರ್ವೃತ್ತಿ ಶಿಕ್ಷಣವಲ್ಲ.

ಭಾವನೆ ಹೊಸದಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆಯು ಆರೋಗ್ಯತಂಡಕ್ಕಾಗಿ ಶಿಕ್ಷಣ ಕೊಡುವ ವಿಚಾರವಾಗಿ 1972ರಲ್ಲಿಯೇ ಒಂದು ವರದಿಯನ್ನು ಹೊರಡಿಸಿತ್ತು. 1986ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ನಗರದಲ್ಲಿ ಎಲ್ಲ ಆರೋಗ್ಯವೃತ್ತಿಗಳ ವಿದ್ಯಾರ್ಥಿಗಳೂ ಆರಂಭದ ಕೆಲವು ವಾರಗಳನ್ನು ಕೂಡಿ ಕಲಿಯತಕ್ಕ ಶಿಕ್ಷಣಕ್ರಮವು ಪ್ರಾರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 1988ರಲ್ಲಿ ಒಂದು ತಾಂತ್ರಿಕ ವರದಿಯನ್ನೂ 2010ರಲ್ಲಿ ಒಂದು ಕಾರ್ಯಚೌಕಟ್ಟನ್ನೂ ಪ್ರಕಟಿಸಿತು. ಅದೇ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ನಿಯಮಿಸಿದ ಆಯೋಗವು ಆರೋಗ್ಯವೃತ್ತಿಗಳು ಬುಡಕಟ್ಟುಗಳಂತೆ ತಮ್ಮ ತಮ್ಮ ಗಡಿಗಳೊಳಗೆ ಬಾಳುವ ಪ್ರವೃತ್ತಿಯನ್ನು ಕಟುವಾಗಿ ಟೀಕಿಸಿತು. ವರದಿಗಳ ಕೊರತೆ ಈ ಕ್ಷೇತ್ರದಲ್ಲಿ ಎಂದೂ ಉಂಟಾಗಿಲ್ಲ.

ಆದರೆ ರಾಜ್ಯಗಳನ್ನೂ ವಿಶ್ವವಿದ್ಯಾಲಯಗಳನ್ನೂ ನಿಜವಾಗಿ ಎಚ್ಚರಿಸಿದ್ದು ವರದಿಗಳಿಗಿಂತ ಹೆಚ್ಚಾಗಿ ದುರಂತಗಳು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ರಾಜಾಶ್ರಯದ ಆಸ್ಪತ್ರೆಯಲ್ಲಿ 1984ರಿಂದ 1995ರವರೆಗೆ ನಡೆದ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಳನ್ನು ಕುರಿತು ಇಯನ್ ಕೆನೆಡಿಯವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆದು 2001ರಲ್ಲಿ ವರದಿ ಹೊರಬಿತ್ತು. 1991ರಿಂದ 1995ರವರೆಗಿನ ಅವಧಿಯಲ್ಲಿ, ಅಂಥದೇ ಸಾಧಾರಣ ಕೇಂದ್ರವೊಂದರಲ್ಲಿ ನಿರೀಕ್ಷಿಸಬಹುದಾದುದಕ್ಕಿಂತ 30ರಿಂದ 35 ಮಂದಿ ಹೆಚ್ಚು ಹಸುಗೂಸುಗಳು ಅಲ್ಲಿ ಮೃತಪಟ್ಟಿದ್ದವೆಂದು ಅದು ಲೆಕ್ಕಹಾಕಿತು. ಅರಿವಳಿಕೆಯ ವೈದ್ಯರೊಬ್ಬರು ಅಪಾಯವನ್ನು ಕಂಡು ಹೇಳಿದ್ದರೂ ಅಧಿಕಾರದ ಏಣಿಯಲ್ಲಿ ಆ ಮಾತು ಮೇಲಕ್ಕೆ ಏರಲಿಲ್ಲ. ಒಳಗಿನವರು ಹೊರಗಿನವರು ಎಂಬ ಭೇದ, ಕೆಲವರ ಕೈಯಲ್ಲಿಯೇ ಕೂಡಿಕೊಂಡ ಅಧಿಕಾರ, ತಂಡವೆಂಬ ಹೆಸರಿದ್ದರೂ ತಂಡದ ನಡವಳಿಕೆ ಇಲ್ಲದಿರುವುದು — ಇವು ಕೌಶಲದ ಕೊರತೆಯಷ್ಟೇ ಘಾತಕವಾದುವೆಂಬುದು ಆ ವರದಿಯಿಂದ ಲೋಕಕ್ಕೆ ಮನದಟ್ಟಾಯಿತು; ವಿವಿಧ ವೃತ್ತಿಗಳವರಿಗೆ ಕೂಡಿ ಕಲಿಯುವ ಅವಕಾಶಗಳಿರಬೇಕೆಂಬ ಸಲಹೆಯೂ ಅಲ್ಲಿಂದ ಬಂದಿತು.

ನಮ್ಮ ದೇಶದ ಪ್ರಾಚೀನರು ಈ ಸಮಸ್ಯೆಯನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಎಂದರೆ ಪರಿಚಾರಕ, ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳಿರಬೇಕೆಂದು ಒಟ್ಟು ಹದಿನಾರು ಗುಣಗಳನ್ನು ಎಣಿಸಿ, ಕೂಡಲೇ ಇನ್ನೊಂದು ಮಾತನ್ನೂ ಅದು ಸೇರಿಸುತ್ತದೆ. ಕುಂಬಾರನಿಲ್ಲದಿದ್ದರೆ ಮಣ್ಣು, ಕೋಲು, ತಿಗುರಿ, ದಾರಗಳು ಹೇಗೆ ನಿಷ್ಪ್ರಯೋಜಕವೋ ಹಾಗೆಯೇ ವೈದ್ಯನಿಲ್ಲದಿದ್ದರೆ ಉಳಿದ ಮೂರು ಪಾದಗಳೆಂದು. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಮಂಚವನ್ನು ಮರುಕ್ಷಣದಲ್ಲಿಯೇ ಒಂದು ಕಾಲಿನ ಮೇಲೆ ನಿಲ್ಲಿಸಿದಂತಾಯಿತಷ್ಟೆ! ಇಪ್ಪತ್ತನೆಯ ಶತಮಾನದ ಆಸ್ಪತ್ರೆಯಲ್ಲಿಯೂ ನಡೆದುಬಂದದ್ದು ಇದೇ ಕುಂಬಾರನ ನ್ಯಾಯ. 1967ರಲ್ಲಿ ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಸ್ಟೈನರು ವೈದ್ಯ-ನರ್ಸುಗಳ ನಡುವಣ ಸಂಭಾಷಣೆಯನ್ನು ಒಂದು ಆಟವೆಂದು ವರ್ಣಿಸಿದರು. ನರ್ಸು ಸಲಹೆ ಕೊಡಬೇಕು, ಆದರೆ ಕೊಟ್ಟಂತೆ ಕಾಣಬಾರದು. ವೈದ್ಯನು ಸಲಹೆಯನ್ನು ಪಡೆಯಬೇಕು, ಆದರೆ ಪಡೆದಂತೆ ಕಾಣಬಾರದು. ನಮ್ಮ ವಾರ್ಡುಗಳನ್ನು ಬಲ್ಲವರಿಗೆ ಈ ಆಟದ ನಿಯಮಗಳನ್ನು ವಿವರಿಸಬೇಕಾದ ಅಗತ್ಯ ಬೀಳಲಾರದು. ಚರಕಸಂಹಿತೆಯ ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ರೋಗಿಗೆ ಅದು ಎಣಿಸುವ ನಾಲ್ಕು ಗುಣಗಳಲ್ಲಿ ತನ್ನ ವ್ಯಾಧಿಯನ್ನು ತಿಳಿಯಹೇಳಬಲ್ಲ ಶಕ್ತಿಯೂ ಒಂದು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಇಂತಹ ಶಿಕ್ಷಣದಿಂದ ಏನಾದರೂ ಪ್ರಯೋಜನವುಂಟೆ, ಉಂಟಾದರೆ ಅದನ್ನು ಅಳೆಯುವುದು ಹೇಗೆ? ಕನ್ನಡದಲ್ಲಿ ನಾವು 'ಮೌಲ್ಯಮಾಪನ'ವೆಂಬ ಒಂದೇ ಪದವನ್ನು ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ತಿದ್ದುವುದಕ್ಕೂ ಶಿಕ್ಷಣಕ್ರಮದ ಯೋಗ್ಯತೆಯನ್ನು ನಿರ್ಣಯಿಸುವುದಕ್ಕೂ ಬಳಸುತ್ತಿರುವುದು ಸ್ವಲ್ಪ ಗೊಂದಲಕ್ಕೆ ಕಾರಣವಾಗಿದೆ. ವಿದ್ಯಾರ್ಥಿ ಕಲಿತನೆ ಎಂಬುದು ಒಂದು ಪ್ರಶ್ನೆ. ಕಲಿಸಿದ್ದು ಕಲಿಸಲು ಯೋಗ್ಯವಾಗಿತ್ತೆ ಎಂಬುದು ಮತ್ತೊಂದು. ಹತ್ತು ಮಂದಿ ಕೂಡಿ ಮಾಡಿದ ಕೆಲಸಕ್ಕೆ ಒಬ್ಬೊಬ್ಬರಿಗೂ ಎಷ್ಟೆಷ್ಟು ಅಂಕ ಕೊಡಬೇಕೆಂಬ ಮೊದಲನೆಯ ಪ್ರಶ್ನೆಯೇ ಸಾಕಷ್ಟು ಕಠಿನವಾದುದು. ಈ ಲೇಖನದ ವಿಷಯ ಎರಡನೆಯದು.

ಅಳತೆಗಾರರು ಹಿಡಿದ ಏಣಿ ಕಾರ್ಖಾನೆಗಳ ಲೋಕದಿಂದ ಬಂದದ್ದು. ಕೈಗಾರಿಕಾ ತರಬೇತಿಯ ಫಲವನ್ನು ಪರೀಕ್ಷಿಸುವ ಸಲುವಾಗಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ವಿದ್ವಾಂಸರು 1959ರಲ್ಲಿ ಬರೆಯತೊಡಗಿದ ಲೇಖನಗಳಲ್ಲಿ ನಾಲ್ಕು ಮೆಟ್ಟಿಲುಗಳನ್ನು ಕಲ್ಪಿಸಿದರು: ಕಲಿತವರಿಗೆ ಇಷ್ಟವಾಯಿತೆ, ಅವರು ಕಲಿತರೆ, ಅವರ ನಡತೆ ಬದಲಾಯಿತೆ, ಅದರಿಂದ ಸಂಸ್ಥೆಗೆ ಫಲವಾಯಿತೆ. ಹ್ಯೂ ಬಾರ್ ಮೊದಲಾದ ಬ್ರಿಟಿಷ್ ವಿದ್ವಾಂಸರು ಇದನ್ನು ಆರೋಗ್ಯಶಿಕ್ಷಣಕ್ಕೆ ಒಗ್ಗಿಸಿ ಆರು ಮೆಟ್ಟಿಲುಗಳನ್ನಾಗಿ ಮಾಡಿಕೊಂಡರು. ಎರಡನೆಯದನ್ನು ಮನೋಭಾವದ ಬದಲಾವಣೆ ಮತ್ತು ಜ್ಞಾನಕೌಶಲಗಳ ಸಂಪಾದನೆ ಎಂದೂ, ಕೊನೆಯದನ್ನು ಸಂಸ್ಥೆಯ ಕಾರ್ಯಕ್ರಮದಲ್ಲಿ ಬದಲಾವಣೆ ಮತ್ತು ರೋಗಿಗಳಿಗೆ ಆದ ಲಾಭ ಎಂದೂ ಒಡೆದರು. ಏಣಿ ಯುಕ್ತವಾಗಿಯೇ ಇದೆ. ದೋಷವಿರುವುದು ಹತ್ತುವವರಲ್ಲಿ. ಬಹುಮಂದಿ ಸಂಶೋಧಕರು ಕೆಳಗಿನ ಎರಡು ಮೆಟ್ಟಿಲುಗಳಲ್ಲಿಯೇ ಕುಳಿತುಬಿಟ್ಟರು. ಕಾರಣವೂ ಸ್ಪಷ್ಟ: ಶಿಬಿರ ಮುಗಿದ ಸಂಜೆ ಒಂದು ಪ್ರಶ್ನಾವಳಿಯನ್ನು ಹಂಚಿ ವಾಪಸು ಪಡೆಯುವುದು ಸುಲಭ, ಮೂರು ವರ್ಷಗಳ ತರುವಾಯ ಆ ವಿದ್ಯಾರ್ಥಿಯು ಎಲ್ಲಿರುವನೆಂದು ಹುಡುಕಿ, ಅವನ ವಾರ್ಡಿನಲ್ಲಿ ನಿಂತು, ಅವನು ಸಿಸ್ಟರ ಮಾತಿಗೆ ಕಿವಿಗೊಡುವನೆ ಎಂದು ನೋಡುವುದು ಕಷ್ಟ.

ಆ ಪ್ರಶ್ನಾವಳಿಗಳಲ್ಲಿ ಅತ್ಯಂತ ಪ್ರಚುರವಾದುದು 1999ರಲ್ಲಿ ಪಾರ್ಸೆಲ್ ಮತ್ತು ಬ್ಲೈ ಎಂಬ ಇಬ್ಬರು ರಚಿಸಿದ 'ರಿಪಲ್ಸ್' ಎಂಬ ಮಾಪಕ. ಕೂಡಿ ಕಲಿಯಲು ವಿದ್ಯಾರ್ಥಿ ಎಷ್ಟರಮಟ್ಟಿಗೆ ಸಿದ್ಧನಾಗಿರುವನೆಂಬುದನ್ನು 19 ವಾಕ್ಯಗಳಿಂದ ತಿಳಿಯುವುದು ಅದರ ಉದ್ದೇಶ. ಪ್ರತಿಯೊಂದು ವಾಕ್ಯಕ್ಕೂ ಪೂರ್ಣ ಸಮ್ಮತಿಯಿಂದ ಪೂರ್ಣ ಅಸಮ್ಮತಿಯವರೆಗೆ ಐದು ಉತ್ತರಗಳುಂಟು. ಪ್ರಪಂಚದ ನಾನಾ ಭಾಷೆಗಳಿಗೆ ಅದು ಪರಿವರ್ತಿತವಾಗಿ ಸಾವಿರಾರು ವಿದ್ಯಾರ್ಥಿಗಳ ಮುಂದೆ ಬಂದಿದೆ. ಆದರೆ ಸಹಕಾರ ಒಳ್ಳೆಯದೆ ಎಂದು ಕೇಳಿದರೆ ಕೆಟ್ಟದ್ದೆಂದು ಬರೆಯುವ ವಿದ್ಯಾರ್ಥಿ ಎಲ್ಲಿ ಸಿಕ್ಕಾನು? ಕಲಿಕೆಗೆ ಮುಂಚೆಯೇ ಅಂಕಗಳು ಶಿಖರದ ಸಮೀಪದಲ್ಲಿರುವುದರಿಂದ ಕಲಿತ ಮೇಲೆ ಏರುವುದಕ್ಕೆ ಸ್ಥಳವೇ ಉಳಿದಿರುವುದಿಲ್ಲ; ಒಂದೆರಡು ಬಿಂದುಗಳಷ್ಟು ಏರಿದರೆ ಅದನ್ನು ಜಯವೆಂದು ಪ್ರಕಟಿಸುವುದು, ಇಳಿದರೆ ವಿದ್ಯಾರ್ಥಿಗಳು ವಾಸ್ತವವನ್ನು ಅರಿತುಕೊಂಡರೆಂದು ಸಮಾಧಾನ ಮಾಡಿಕೊಳ್ಳುವುದು ಪದ್ಧತಿಯಾಗಿಬಿಟ್ಟಿದೆ. ಎರಡು ಕಡೆಯೂ ಗೆಲ್ಲುವ ತಕ್ಕಡಿಯನ್ನು ತಕ್ಕಡಿಯೆನ್ನಲಾದೀತೆ?

ಹೀಗೆ ಇಳಿದ ದೃಷ್ಟಾಂತವೂ ಉಂಟು, ಅದು ಉಪೇಕ್ಷಣೀಯವಲ್ಲ. ಕೆನೆಡಿ ವಿಚಾರಣೆ ನಡೆದ ಅದೇ ಬ್ರಿಸ್ಟಲ್ ನಗರದಲ್ಲಿರುವ ಪಶ್ಚಿಮ ಇಂಗ್ಲೆಂಡ್ ವಿಶ್ವವಿದ್ಯಾಲಯದವರು ಹತ್ತು ವಿಭಾಗಗಳ ವಿದ್ಯಾರ್ಥಿಗಳಿಗೆ ಅಂತರ್ವೃತ್ತಿ ಶಿಕ್ಷಣಕ್ರಮವನ್ನು ತಂದು, ಅವರನ್ನು ಪ್ರವೇಶದ ದಿನದಿಂದ ಪದವಿಯ ಆಚೆಗೂ ಅನುಸರಿಸಿ ನೋಡಿದರು. ಪದವಿಯ ಹೊತ್ತಿಗೆ ವಿದ್ಯಾರ್ಥಿಗಳು ತಮ್ಮ ಸ್ವಂತ ವೃತ್ತಿಸಂಬಂಧಗಳ ವಿಷಯದಲ್ಲಿ ವಿಶ್ವಾಸವುಳ್ಳವರಾಗಿದ್ದರು. ಆದರೆ ಕೂಡಿ ಕಲಿಯುವುದನ್ನು ಕುರಿತೂ, ವೃತ್ತಿಗಳ ನಡುವೆ ತಾವು ಕಂಡ ವ್ಯವಹಾರವನ್ನು ಕುರಿತೂ ಮೊದಲಿಗಿಂತ ಕಟುವಾಗಿ ಮಾತಾಡಿದರು. ಮೆಚ್ಚಿಕೆಯನ್ನೇ ಫಲವೆಂದು ಎಣಿಸುವವರು ಇಲ್ಲಿ ಶಿಕ್ಷಣವು ಸೋತಿತೆಂದು ಹೇಳಬೇಕಾದೀತು. ನನಗೆ ತೋರುವಂತೆ, ವಾರ್ಡಿನಲ್ಲಿ ನಡೆಯುವುದನ್ನು ಕಂಡು ಅತೃಪ್ತಿಪಡುವ ಕಣ್ಣನ್ನು ಅವರಿಗೆ ಕೊಟ್ಟದ್ದು ಸೋಲಾಗಿರಲಾರದು. ಪ್ರಸಂಗವಶಾತ್ ಹೇಳುವುದಾದರೆ, ಆ ಹತ್ತು ವಿಭಾಗಗಳಲ್ಲಿ ನರ್ಸಿಂಗಿನ ಹಲವು ಶಾಖೆಗಳಿದ್ದುವು, ಸೂಲಗಿತ್ತಿಯ ವಿದ್ಯೆಯಿತ್ತು, ಫಿಸಿಯೋಥೆರಪಿ, ಎಕ್ಸ್-ರೇ, ಸಮಾಜಕಾರ್ಯಗಳಿದ್ದುವು. ವೈದ್ಯವಿದ್ಯೆ ಮಾತ್ರ ಇರಲಿಲ್ಲ. ಮದುವೆಯ ಮನೆಯಲ್ಲಿ ಎಲ್ಲರೂ ಸೇರಿದ್ದರು, ವರನೊಬ್ಬನ ಹೊರತು.

ಕಠಿನ ಪ್ರಮಾಣವನ್ನು ಅಪೇಕ್ಷಿಸುವವರ ದಾರಿ ಬೇರೆ. ಚಿಕಿತ್ಸೆಗಳ ಸಾಕ್ಷ್ಯವನ್ನು ಶೋಧಿಸುವ ಕಾಕ್ರೇನ್ ಸಂಘಟನೆಯವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ, ಜ್ವಾರೆನ್‌ಸ್ಟೈನ್ ಮತ್ತು ಅವರ ಸಹಚರರು 1042 ಲೇಖನಗಳ ಸಾರಾಂಶಗಳನ್ನು ಕೂಡಿಹಾಕಿ, ಅವುಗಳಲ್ಲಿ 89ನ್ನು ಆರಿಸಿ ಓದಿ, ಯೋಗ್ಯವಾದ ಪ್ರಯೋಗ ಒಂದೂ ಇಲ್ಲವೆಂಬ ತೀರ್ಮಾನಕ್ಕೆ ಬಂದರು. ಫಲವಿಲ್ಲವೆಂದು ಸಿದ್ಧವಾಯಿತೆಂದಲ್ಲ, ಫಲವುಂಟೊ ಇಲ್ಲವೊ ಎಂದು ಹೇಳಲು ಆಧಾರವೇ ಇಲ್ಲವೆಂದು. ಸ್ಕಾಟ್ ರೀವ್ಸ್ ಮೊದಲಾದವರು 2008ರಲ್ಲಿ ಮತ್ತೆ ಶೋಧಿಸಿದಾಗ 6 ಅಧ್ಯಯನಗಳೂ, 2013ರಲ್ಲಿ 15 ಅಧ್ಯಯನಗಳೂ ಜರಡಿಯಲ್ಲಿ ಉಳಿದುವು. ಆ ಹದಿನೈದರಲ್ಲಿ ಏಳು ಒಳ್ಳೆಯ ಪರಿಣಾಮವನ್ನು ತೋರಿಸಿದುವು, ನಾಲ್ಕರಲ್ಲಿ ಮಿಶ್ರಫಲ, ನಾಲ್ಕರಲ್ಲಿ ಯಾವ ಪರಿಣಾಮವೂ ಇಲ್ಲ. ಇನ್ನೂ ಗಮನಿಸತಕ್ಕ ಅಂಶವೆಂದರೆ, ಇವು ಬಹುಮಟ್ಟಿಗೆ ಆಗಲೇ ಕೆಲಸದಲ್ಲಿದ್ದವರಿಗೆ ಕೊಟ್ಟ ತರಬೇತಿಗಳು. ಕಾಲೇಜಿನ ಎಳೆಯ ವಿದ್ಯಾರ್ಥಿಗಳ ಶಿಕ್ಷಣವನ್ನು ಸಮರ್ಥಿಸುವುದಕ್ಕಾಗಲಿ ಖಂಡಿಸುವುದಕ್ಕಾಗಲಿ ಇವನ್ನು ಸಾಕ್ಷಿಗೆ ಕರೆಯುವುದು ಅಷ್ಟೇನೂ ನ್ಯಾಯವಲ್ಲ.

ಇಂತಹ ತರಬೇತಿಗಳ ಕೆಲವು ದೃಷ್ಟಾಂತಗಳನ್ನು ಹತ್ತಿರದಿಂದ ನೋಡಿದರೆ ವೈಚಿತ್ರ್ಯ ಇನ್ನೂ ಹೆಚ್ಚುತ್ತದೆ. ಅಮೆರಿಕದ ಒಂಬತ್ತು ಆಸ್ಪತ್ರೆಗಳ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ವೈದ್ಯರಿಗೂ ನರ್ಸುಗಳಿಗೂ ಕೂಡಿ ತಂಡಶಿಕ್ಷಣ ಕೊಟ್ಟು ಪರೀಕ್ಷಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷಣ ಪಡೆದ ಕಡೆ ತಪ್ಪುಗಳ ಪ್ರಮಾಣವು ನೂರಕ್ಕೆ 30.9ರಿಂದ 4.4ಕ್ಕೆ ಇಳಿಯಿತು. ಅದೇ ದೇಶದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಾ ತಂಡಗಳಿಗೆ ಇಂತಹ ತರಬೇತಿಯಾದಾಗ, ತರಬೇತಿ ಪಡೆದ 74 ಆಸ್ಪತ್ರೆಗಳಲ್ಲಿ ಮರಣಗಳು ನೂರಕ್ಕೆ 18ರಷ್ಟೂ, ಇನ್ನೂ ಪಡೆಯದ 34ರಲ್ಲಿ ನೂರಕ್ಕೆ 7ರಷ್ಟೂ ತಗ್ಗಿದುವೆಂದು 2010ರಲ್ಲಿ ವರದಿಯಾಯಿತು. ಇದನ್ನು ಓದಿ ಉತ್ಸಾಹಗೊಂಡವರು ಹೆರಿಗೆಯ ವಾರ್ಡುಗಳ ಕಥೆಯನ್ನೂ ಓದಬೇಕು: 15 ಆಸ್ಪತ್ರೆಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಮಾಡಿ ನಡೆಸಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಾಯಿ ಮಕ್ಕಳ ಕ್ಷೇಮದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ, ಕಂಡದ್ದು, ತುರ್ತು ಸಿಸೇರಿಯನ್ ಆಗಬೇಕೆಂದು ನಿಶ್ಚಯಿಸಿದ ಕ್ಷಣದಿಂದ ಕತ್ತಿ ತಾಗುವವರೆಗಿನ ಅವಧಿ ಕಡಮೆಯಾದದ್ದು. ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಊರವೈದ್ಯರ ತಂಡಗಳಿಗೆ ಖಿನ್ನತೆಯನ್ನು ಗುರುತಿಸುವ ಶಿಕ್ಷಣವನ್ನು ಬಹು ಶ್ರದ್ಧೆಯಿಂದ ಕೊಟ್ಟರು. ಕಲಿತವರು ಅದನ್ನು ಬಹುವಾಗಿ ಮೆಚ್ಚಿಕೊಂಡರು. ರೋಗಿಗಳ ಸ್ಥಿತಿಯಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಲಿಲ್ಲವೆಂದು 2000ದಲ್ಲಿ ತಿಳಿದುಬಂತು. ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಮೇಲಿನ ಮೆಟ್ಟಿಲನ್ನು ಊಹಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಾಗಿಲ್ಲ.

ಇಷ್ಟನ್ನು ಒಪ್ಪಿದ ಮೇಲೆಯೂ, ಕಠಿನ ಪ್ರಮಾಣವಾದಿಗಳನ್ನು ಒಂದು ಪ್ರಶ್ನೆ ಕೇಳಬೇಕೆನ್ನಿಸುತ್ತದೆ. ವೈದ್ಯ ವಿದ್ಯಾರ್ಥಿಗಳು ಬೇರೆಯಾಗಿಯೇ ಕಲಿಯುವುದರಿಂದ ರೋಗಿಗಳಿಗೆ ಲಾಭವೆಂಬುದನ್ನು ಚೀಟಿಯೆತ್ತುವ ಪ್ರಯೋಗದಿಂದ ಸಿದ್ಧಪಡಿಸಿದವರಾರು? ಹೆಣ ಕೊಯ್ದು ಅಂಗರಚನೆಯನ್ನು ಕಲಿಯುವ ವಿಧಾನದಿಂದ ಮರಣಗಳು ನೂರಕ್ಕೆ ಎಷ್ಟು ಇಳಿದುವೆಂದು ಯಾರಾದರೂ ಲೆಕ್ಕ ಕೇಳಿರುವರೆ? ರೂಢಿಯಲ್ಲಿರುವುದಕ್ಕೆ ಸಾಕ್ಷಿ ಬೇಡ, ಹೊಸದಾಗಿ ಬಾಗಿಲಿಗೆ ಬಂದದ್ದಕ್ಕೆ ಸಾಕ್ಷಿ ಬೇಕು ಎಂಬುದು ನ್ಯಾಯಾಲಯದ ನೀತಿಯಾಗಲಾರದು, ಹಳೆಯ ಮನೆತನದ ನೀತಿ. ಎರಡನೆಯ ವರ್ಷದಲ್ಲಿ ನಡೆದ ಎರಡು ದಿನಗಳ ಶಿಬಿರಕ್ಕೂ ಹತ್ತು ವರ್ಷಗಳ ತರುವಾಯ ಸಂಭವಿಸಿದ ಒಂದು ಮರಣಕ್ಕೂ ನಡುವೆ ಎಷ್ಟು ಕಾರಣಗಳು ಹೆಣೆದುಕೊಂಡಿರುತ್ತವೆ! ಅಮೆರಿಕದ ವೈದ್ಯಕೀಯ ಸಂಸ್ಥೆಯು 2015ರಲ್ಲಿ ಈ ವಿಷಯವನ್ನೇ ಕುರಿತು ಹೊರಡಿಸಿದ ವರದಿಯು ಕಲಿಕೆಯ ಫಲವನ್ನೂ ಆರೋಗ್ಯದ ಫಲವನ್ನೂ ಪ್ರತ್ಯೇಕಿಸಿ, ಎರಡರ ನಡುವೆ ಕೆಲಸದ ಸ್ಥಳದ ಸಂಸ್ಕೃತಿ, ಧನಸಹಾಯ, ನಿಯಮಗಳು ಸಹಾಯಕವಾಗಿಯೊ ವಿಘ್ನವಾಗಿಯೊ ನಿಂತಿರುವುವೆಂದು ತೋರಿಸಿದ್ದು ಉಚಿತವಾಗಿಯೇ ಇದೆ. ಫಲಿಸಿತೆ ಎಂದು ಕೇಳುವುದಕ್ಕಿಂತ, ಯಾರಿಗೆ, ಯಾವ ಸನ್ನಿವೇಶದಲ್ಲಿ, ಯಾವ ಕಾರಣದಿಂದ ಫಲಿಸಿತೆಂದು ಕೇಳುವುದು ಯುಕ್ತವೆಂದು ಪಾಸನ್ ಮತ್ತು ಟಿಲ್ಲಿ ಎಂಬ ಸಮಾಜಶಾಸ್ತ್ರಜ್ಞರು 1997ರಲ್ಲಿ ವಾದಿಸಿದ್ದರು. ಇನ್ನೂ ಹಿಂದೆ, 1954ರಲ್ಲಿ, ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು ದ್ವೇಷವಿರುವ ಗುಂಪುಗಳನ್ನು ಒಟ್ಟಿಗೆ ಸೇರಿಸಿದಷ್ಟರಿಂದಲೇ ದ್ವೇಷ ಕರಗುವುದಿಲ್ಲವೆಂದೂ, ಸಮಾನವಾದ ಅಂತಸ್ತು, ಒಂದೇ ಗುರಿ, ಕೂಡಿ ದುಡಿಯುವ ಅಗತ್ಯ, ಮೇಲಿನವರ ಬೆಂಬಲ ಇವು ನಾಲ್ಕೂ ಇರಬೇಕೆಂದೂ ಹೇಳಿದ್ದರು. ಮೌಲ್ಯಮಾಪಕರು ವಿದ್ಯಾರ್ಥಿಯ ಮನಸ್ಸನ್ನು ಅಳೆಯುವುದಕ್ಕೆ ಮುಂಚೆ ಈ ನಾಲ್ಕು ಅಲ್ಲಿದ್ದುವೆ ಎಂದು ನೋಡಿದ್ದರೆ ಎಷ್ಟೋ ಪ್ರಶ್ನಾವಳಿಗಳ ಕಾಗದ ಉಳಿಯುತ್ತಿತ್ತು.

ಈ ನಾಲ್ಕೂ ಬಹುಮಟ್ಟಿಗೆ ಒದಗಿಬಂದ ಒಂದು ಸ್ಥಳವೆಂದರೆ ಲಿನ್‌ಶೋಪಿಂಗಿನಲ್ಲಿ 1996ರಲ್ಲಿ ತೆರೆದ ಶಿಕ್ಷಣವಾರ್ಡು. ಮೂಳೆ ರೋಗಗಳ ಆ ವಾರ್ಡಿನಲ್ಲಿ, ಪದವಿಯ ಸಮೀಪಕ್ಕೆ ಬಂದ ವೈದ್ಯ, ನರ್ಸಿಂಗ್, ಫಿಸಿಯೋಥೆರಪಿ ಮೊದಲಾದ ವಿದ್ಯಾರ್ಥಿಗಳು ಮೇಲ್ವಿಚಾರಕರ ಕಣ್ಗಾಪಿನಲ್ಲಿ ಎರಡು ವಾರಗಳ ಕಾಲ ನಿಜವಾದ ರೋಗಿಗಳ ಹೊಣೆಯನ್ನು ತಾವೇ ಹೊರುತ್ತಾರೆ. ಹಾಸಿಗೆ ಬದಲಾಯಿಸುವುದರಲ್ಲಿಯೂ ಮೈತೊಳೆಯುವುದರಲ್ಲಿಯೂ ವೈದ್ಯ ವಿದ್ಯಾರ್ಥಿಗೆ ವಿನಾಯಿತಿ ಇಲ್ಲ. ಸ್ಟಾಕ್‌ಹೋಮಿನಲ್ಲಿಯೂ ಇಂತಹ ವಾರ್ಡುಗಳು ತರುವಾಯ ಏರ್ಪಟ್ಟುವು. ಎರಡು ವರ್ಷಗಳು ಕಳೆದ ಮೇಲೆ ಅಲ್ಲಿ ಕಲಿತವರನ್ನು ವಿಚಾರಿಸಿದಾಗ ಆ ಅನುಭವದ ಅಚ್ಚು ಅವರ ಮನಸ್ಸಿನಲ್ಲಿ ಇನ್ನೂ ಉಳಿದಿತ್ತು. ಇದೂ ಅವರ ಬಾಯಿಮಾತಿನ ಸಾಕ್ಷ್ಯವೇ ಎಂದು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಎರಡು ವರ್ಷಗಳ ಕೆಲಸದ ಬಿಸಿಲಿನಲ್ಲಿ ಒಣಗಿದ ಮಾತಿಗೂ ಶಿಬಿರದ ಸಂಜೆಯ ಹಸಿಮಾತಿಗೂ ತೂಕದಲ್ಲಿ ವ್ಯತ್ಯಾಸವುಂಟು. ಅದಕ್ಕಿಂತ ಮುಖ್ಯವಾಗಿ, ಕಲಿಕೆಯೂ ಕೆಲಸವೂ ಒಂದೇ ಸ್ಥಳದಲ್ಲಿ ನಡೆಯುವಾಗ ಮೌಲ್ಯಮಾಪಕನು ಏಣಿಯ ಮೇಲಿನ ಮೆಟ್ಟಿಲನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರೋಗಿಯು ಎದುರಿಗೇ ಮಲಗಿರುತ್ತಾನೆ.

ನಮ್ಮ ದೇಶದಲ್ಲಿ ಈ ಮಾತು ಈಗ ತಾನೇ ಪಠ್ಯಕ್ರಮವನ್ನು ಪ್ರವೇಶಿಸುತ್ತಿದೆ. 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ವೈದ್ಯ ಪಠ್ಯಕ್ರಮವು ಭಾರತೀಯ ವೈದ್ಯ ಪದವೀಧರನಿಗೆ ವಿಧಿಸಿರುವ ಐದು ಪಾತ್ರಗಳಲ್ಲಿ ಆರೋಗ್ಯತಂಡದ ನಾಯಕನೂ ಸದಸ್ಯನೂ ಆಗಿರುವುದು ಒಂದು. ನಾಯಕತ್ವವನ್ನು ಕಲಿಸಲು ನಮ್ಮಲ್ಲಿ ಗುರುಗಳಿಗೆ ಕೊರತೆಯಿಲ್ಲ, ಸದಸ್ಯನಾಗಿರುವುದನ್ನು ಕಲಿಸುವವರಾರು? ವೈದ್ಯರಿಗೆ ಒಂದು ಆಯೋಗ, 2021ರ ಶಾಸನದಂತೆ ಸಹವರ್ತಿ ಆರೋಗ್ಯವೃತ್ತಿಗಳಿಗೆ ಒಂದು, 2023ರ ಶಾಸನಗಳಂತೆ ನರ್ಸುಗಳಿಗೆ ಒಂದು, ದಂತವೈದ್ಯರಿಗೆ ಒಂದು, ಔಷಧವೃತ್ತಿಗೆ 1948ರಷ್ಟು ಹಿಂದಿನ ಶಾಸನ — ಹೀಗೆ ಕಾನೂನೇ ಗೋಡೆಗಳನ್ನು ಕಟ್ಟಿರುವಾಗ ಕಾಲೇಜುಗಳು ಕಿಟಕಿಗಳನ್ನಾದರೂ ತೆರೆಯಬೇಕು. ಕರ್ನಾಟಕದಲ್ಲಿ ಅದಕ್ಕೆ ಅನುಕೂಲಗಳಿಲ್ಲದೆ ಇಲ್ಲ. 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ವಿದ್ಯೆಗಳನ್ನೆಲ್ಲ ಒಂದೇ ಸೂರಿನಡಿ ತಂದಿದೆ. ಮಣಿಪಾಲದಲ್ಲಿ ಅಂತರ್ವೃತ್ತಿ ಶಿಕ್ಷಣದ ನಾಯಕತ್ವಕ್ಕಾಗಿಯೇ ಅಧ್ಯಾಪಕರನ್ನು ತರಬೇತುಗೊಳಿಸುವ ವ್ಯವಸ್ಥೆಯುಂಟು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಹುಟ್ಟಿ ಈಗ ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಸಮಾಜಕಾರ್ಯಕರ್ತರೂ ನರ್ಸುಗಳೂ ಒಬ್ಬನೇ ರೋಗಿಯನ್ನು ಕುರಿತು ಕೂಡಿ ಆಲೋಚಿಸುವ ಪದ್ಧತಿ, ಅಂತರ್ವೃತ್ತಿ ಶಿಕ್ಷಣವೆಂಬ ಹೆಸರು ಲೋಕದಲ್ಲಿ ಕೇಳಿಬರುವುದಕ್ಕೆ ಮುಂಚಿನಿಂದಲೂ ಬೆಳೆದುಬಂದಿದೆ. ಶಿಬಿರಗಳ ಪ್ರಶ್ನಾವಳಿಗಳನ್ನು ಪರದೇಶದಿಂದ ತರಿಸಿಕೊಳ್ಳುವ ನಮ್ಮ ಸಂಶೋಧಕರು ಇಂತಹ ನೆಲದ ಪದ್ಧತಿಗಳ ಫಲವನ್ನು ಮೊದಲು ಪರಿಶೀಲಿಸಬಾರದೇಕೆ?

ಅಂಥದೊಂದು ಪರಿಶೀಲನೆಗೆ ಬಹಳ ಹಣ ಬೇಕಾಗಿಲ್ಲ. ಹೌಸ್ ಸರ್ಜನ್ನನು ವರ್ಷವಿಡೀ ಹೊತ್ತು ತಿರುಗುವ ಲಾಗ್‌ಬುಕ್ಕು ಈಗಾಗಲೇ ಇದೆ. ನಾನು ಕಂಡಿರುವ ಲಾಗ್‌ಬುಕ್ಕುಗಳಲ್ಲಿ ಸಹಿಯ ಜಾಗವೆಲ್ಲವೂ ಪ್ರೊಫೆಸರರದು, ಅವರ ಕೆಳಗಿನ ಅಧ್ಯಾಪಕರದು. ರಾತ್ರಿ ಎರಡು ಗಂಟೆಗೆ "ಡಾಕ್ಟರೇ, ಏಳನೆಯ ಬೆಡ್ಡಿನ ಪೇಷಂಟು ಯಾಕೋ ಸರಿಯಿಲ್ಲ, ಒಂದು ಸಲ ಬಂದು ನೋಡಿ" ಎಂದು ಫೋನಿನಲ್ಲಿ ಹೇಳಿದಾಗ ಆತ ಎದ್ದು ಬಂದನೆ, ಅಥವಾ ನಿದ್ದೆಗಣ್ಣಿನಲ್ಲಿ ಬಯ್ದು ಮತ್ತೆ ಮಲಗಿದನೆ ಎಂಬುದನ್ನು ಬಲ್ಲವರು ಆ ಪಾಳಿಯ ಸಿಸ್ಟರು ಮತ್ತು ಏಳನೆಯ ಬೆಡ್ಡಿನ ರೋಗಿ. ಅವರಿಬ್ಬರಿಗೂ ಆ ಪುಸ್ತಕದಲ್ಲಿ ಇನ್ನೂ ಕಾಲಂ ಇಲ್ಲ.